ಸಡಿಲ ಹಿಡಿತಗಳ ನಿಖರತೆ: ಜೀವಕೋಶದ ಸ್ವಭಕ್ಷಣೆಯಲ್ಲಿ ಗುರುತು ಹಿಡಿಯುವ ಕೆಲಸ

ಆಷಾಢ ಏಕಾದಶಿ ಹತ್ತಿರವಾದಾಗಲೆಲ್ಲ ಮುಂಬಯಿ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಹರಿದಾಡುತ್ತದೆ. ಉಪವಾಸ ಮಾಡಿದರೆ ಜೀವಕೋಶಗಳು ತಮ್ಮೊಳಗಿನ ಕಸವನ್ನು ತಾವೇ ತಿಂದು ಮುಗಿಸುತ್ತವೆ, ಕ್ಯಾನ್ಸರ್ ಕೋಶಗಳೂ ಅದರೊಂದಿಗೇ ಹೋಗಿಬಿಡುತ್ತವೆ, ಇದನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಗೆ ನೊಬೆಲ್ ಬಂದಿದೆ, ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂಬುದು ಅದರ ಸಾರ. ಮಾಟುಂಗಾದಲ್ಲಿ ಒಂದು ಕಾರ್ಯಕ್ರಮ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ನಾನು ಜೀವರಸಾಯನಶಾಸ್ತ್ರ ಕಲಿಸುವುದು ಗೊತ್ತಿದ್ದ ಹಿರಿಯರೊಬ್ಬರು ಈ ಸಂದೇಶವನ್ನು ತೋರಿಸಿ ಕೇಳಿದರು: "ಅಲ್ಲ ಮಾರಾಯ್ರೇ, ಹೊಟ್ಟೆ ಖಾಲಿಯಾದರೆ ಕೋಶ ತನ್ನನ್ನೇ ತಿನ್ನುತ್ತದೆ ಅಂತ ಇದೆ ಇದರಲ್ಲಿ. ಸರಿ. ಒಳ್ಳೆಯದನ್ನು ಬಿಟ್ಟು ಹಾಳಾದದ್ದನ್ನೇ ತಿನ್ನಬೇಕು ಅಂತ ಅದಕ್ಕೆ ಗೊತ್ತಾಗುವುದು ಹೇಗೆ?"

ಆ ಸಂದೇಶದ ಸಾಲುಗಳಿಗಿಂತ ಅವರ ಪ್ರಶ್ನೆ ಎಷ್ಟೋ ಮೇಲಿನದು. ಕಳೆದ ಎರಡು ದಶಕಗಳಲ್ಲಿ ಈ ಕ್ಷೇತ್ರದಲ್ಲಿ ನಡೆದಿರುವ ಸಂಶೋಧನೆಯ ಬಹುಪಾಲು ಅದೇ ಪ್ರಶ್ನೆಯ ಸುತ್ತ ತಿರುಗಿದೆ. ಕೋಶದೊಳಗೆ ಆರಿಸುವ ಕೆಲಸವನ್ನು, ತೆಗೆಯಬೇಕಾದದ್ದನ್ನು ಗುರುತಿಸಿ ಹಿಡಿಯುವ ಕೆಲವು ರಿಸೆಪ್ಟರ್ ಪ್ರೋಟೀನುಗಳು ಮಾಡುತ್ತವೆ. ಅವುಗಳ ಒಂದೊಂದು ಹಿಡಿತವನ್ನೂ ಬಿಡಿಯಾಗಿ ಅಳೆದರೆ ಆಶ್ಚರ್ಯವಾಗುವಷ್ಟು ಸಡಿಲವಾಗಿರುತ್ತದೆ; ಆದರೂ ಒಟ್ಟು ಆಯ್ಕೆ ಆಶ್ಚರ್ಯವಾಗುವಷ್ಟು ನಿಖರವಾಗಿರುತ್ತದೆ. ಈ ಎರಡು ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿರುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಉಪವಾಸದ ಸಂದೇಶದಲ್ಲಿ ಬಿಟ್ಟುಹೋಗಿರುವುದೂ ಇದೇ ಭಾಗ.

ಕೋಶ ತನ್ನದೇ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಅರಗಿಸಿಕೊಳ್ಳುವ ಈ ಕ್ರಿಯೆಗೆ 'ಆಟೊಫೇಜಿ' ಎಂದು 1963ರಲ್ಲಿ ಹೆಸರಿಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್; ಕನ್ನಡದಲ್ಲಿ ಸ್ವಭಕ್ಷಣೆ ಎನ್ನಬಹುದು. ಸಂದೇಶದಲ್ಲಿ ಬರುವ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಯೀಸ್ಟ್ ಕೋಶಗಳಿಗೆ ಸಾರಜನಕ ಸಿಗದಂತೆ ಮಾಡಿ, ಅವುಗಳ ಒಳಗೆ ನಡೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಈ ಕ್ರಿಯೆಗೆ ಬೇಕಾದ ಜೀನ್‌ಗಳನ್ನು 1990ರ ದಶಕದಲ್ಲಿ ಹುಡುಕಿ ತೆಗೆದರು. 2016ರ ನೊಬೆಲ್ ಅವರಿಗೆ ಸಂದದ್ದು ಈ ಯಂತ್ರವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ. ಮನುಷ್ಯರು ಎಷ್ಟು ಗಂಟೆ ಉಪವಾಸವಿರಬೇಕೆಂಬುದು ಆ ಸಂಶೋಧನೆಯ ವಿಷಯವಾಗಿರಲಿಲ್ಲ. ಹಸಿದ ಕೋಶ ಕೈಗೆ ಸಿಕ್ಕ ಕೋಶದ್ರವವನ್ನು ಸಗಟಾಗಿ ಸುತ್ತಿ ಅರಗಿಸುತ್ತದೆ, ಅದರಿಂದ ಪ್ರೋಟೀನಿನ ಬಿಡಿಭಾಗಗಳಾದ ಅಮೈನೊ ಆಮ್ಲಗಳನ್ನು ಮರಳಿ ಪಡೆಯುತ್ತದೆ ಎಂಬುದು ನಿಜ. ಆದರೆ 2006ರಲ್ಲಿ ಜಪಾನಿನ ಎರಡು ತಂಡಗಳು ಇಲಿಗಳ ನರಕೋಶಗಳಲ್ಲಿ ಮಾತ್ರ ಸ್ವಭಕ್ಷಣೆ ನಿಲ್ಲುವಂತೆ ಮಾಡಿದಾಗ, ಹೊಟ್ಟೆ ತುಂಬ ತಿನ್ನುತ್ತಿದ್ದ ಆ ಇಲಿಗಳ ನರಕೋಶಗಳಲ್ಲಿಯೂ ಪ್ರೋಟೀನಿನ ಮುದ್ದೆಗಳು ತುಂಬಿಕೊಂಡವು, ಕೋಶಗಳು ಸತ್ತವು, ಇಲಿಗಳ ನಡಿಗೆ ಕೆಟ್ಟಿತು. ಅಂದರೆ ಹಸಿವೆಗೂ ಸಂಬಂಧವಿಲ್ಲದೆ, ದಿನವೂ, ಇಂಥದ್ದನ್ನೇ ತೆಗೆಯಬೇಕೆಂದು ಆರಿಸಿ ತೆಗೆಯುವ ಕೆಲಸವೊಂದು ಸದಾ ನಡೆಯುತ್ತಿರುತ್ತದೆ. ಆಯ್ದ ಸ್ವಭಕ್ಷಣೆ ಎಂದರೆ ಇದು.

ಇಲ್ಲಿ ಪದದ ಬಗ್ಗೆ ಒಂದು ಮಾತು. ನಮ್ಮ ಪಠ್ಯಪುಸ್ತಕಗಳಲ್ಲಿ ರಿಸೆಪ್ಟರ್‌ಗೆ 'ಗ್ರಾಹಕ' ಎಂದಿದೆ. ಅಂಗಡಿಗೆ ಬರುವವರಿಗೂ ಅದೇ ಪದವಾದ್ದರಿಂದ ಓದುವವರಿಗೆ ತೊಡಕಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಅರ್ಥದಲ್ಲಿದೆ. ರಿಸೆಪ್ಟರ್ ಎಂದೊಡನೆ ಕೋಶದ ಹೊರಪೊರೆಯ ಮೇಲೆ ಕುಳಿತು ಇನ್ಸುಲಿನ್‌ನಂಥ ಹಾರ್ಮೋನಿಗಾಗಿ ಕಾಯುವ ಪ್ರೋಟೀನು ನೆನಪಾಗುತ್ತದೆ. ಸ್ವಭಕ್ಷಣೆಯ ರಿಸೆಪ್ಟರ್‌ಗಳು ಕೋಶದ ಒಳಗೆ ಇರುವಂಥವು, ಮತ್ತು ಅವು ಎರಡು ಕೈಯವು: ಒಂದು ಕೈಯಲ್ಲಿ ತೆಗೆಯಬೇಕಾದ ವಸ್ತುವನ್ನು ಹಿಡಿಯುತ್ತವೆ, ಇನ್ನೊಂದು ಕೈಯಲ್ಲಿ ಅದನ್ನು ಸುತ್ತಲು ಬೆಳೆಯುತ್ತಿರುವ ಎರಡು ಪದರದ ಪೊರೆಯನ್ನು ಹಿಡಿಯುತ್ತವೆ. ಹೆಚ್ಚಿನ ರಿಸೆಪ್ಟರ್‌ಗಳು ವಸ್ತುವಿನೊಂದಿಗೆ ತಾವೂ ಪೊರೆಯೊಳಗೆ ಸೇರಿ ಕೋಶದ ಅರಗಿಸುವ ಚೀಲವಾದ ಲೈಸೊಸೋಮಿನಲ್ಲಿ ಕರಗಿಹೋಗುತ್ತವೆ. ಪ್ರಯೋಗಾಲಯಗಳಲ್ಲಿ ಪಿ62 ಎಂಬ ರಿಸೆಪ್ಟರ್‌ನ ಪ್ರಮಾಣ ಏರಿದೆಯೋ ಇಳಿದಿದೆಯೋ ನೋಡಿ ಸ್ವಭಕ್ಷಣೆ ನಡೆಯುತ್ತಿದೆಯೇ ನಿಂತಿದೆಯೇ ಎಂದು ಅಂದಾಜು ಮಾಡುವ ರೂಢಿ ಬಂದದ್ದು ಇದರಿಂದಲೇ.

ವಸ್ತುವಿನ ಕಡೆಯ ಕೈಯನ್ನು ಮೊದಲು ನೋಡೋಣ. ಹಾಳಾದ ಪ್ರೋಟೀನಿನ ಮೇಲೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಹಾಳಾದಾಗ ಅದರ ಮೇಲೆ, ಒಳನುಗ್ಗಿದ ಬ್ಯಾಕ್ಟೀರಿಯದ ಮೇಲೆ ಕೋಶವು ಯುಬಿಕ್ವಿಟಿನ್ ಎಂಬ 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನನ್ನು ಅಂಟಿಸುತ್ತದೆ. ಮುಂಬಯಿಯಲ್ಲಿ ಹಳೆಯ ಕಟ್ಟಡದಲ್ಲಿ ಬಾಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಲ್ಲಿನ ಪಾಲಿಕೆ ಶಿಥಿಲ ಕಟ್ಟಡಗಳನ್ನು ವಿಂಗಡಿಸುತ್ತದೆ. ಸಿ-1 ಎಂದು ಬಂದರೆ ಖಾಲಿ ಮಾಡಿಸಿ ಕೆಡವಬೇಕಾದದ್ದು, ಸಿ-3 ಎಂದಾದರೆ ಸಣ್ಣಪುಟ್ಟ ದುರಸ್ತಿ ಸಾಕು. ಗೇಟಿನ ಮೇಲೆ ನೋಟಿಸು ಅಂಟಿಸಿದ ಮಾತ್ರಕ್ಕೆ ಕಟ್ಟಡ ಬೀಳುವುದಿಲ್ಲ. ಅದರಲ್ಲಿ ಏನು ಬರೆದಿದೆ ಎಂದು ಓದಿ, ಕೆಡವುವವರನ್ನು ಅದೇ ಗೇಟಿಗೆ ಕರೆತರುವವರು ಬೇಕು. ಯುಬಿಕ್ವಿಟಿನ್ ಚೀಟಿಯಲ್ಲೂ ಹೀಗೆ ಬಗೆಗಳಿವೆ. ಒಂದು ಯುಬಿಕ್ವಿಟಿನ್ನಿನ 48ನೆಯ ಅಮೈನೊ ಆಮ್ಲವಾದ ಲೈಸಿನ್‌ಗೆ ಇನ್ನೊಂದು ಜೋಡಿಸಿಕೊಳ್ಳುತ್ತಾ ಬೆಳೆದ ಸರಪಳಿ ಸಾಮಾನ್ಯವಾಗಿ ಪ್ರೋಟಿಯಾಸೋಮ್ ಎಂಬ, ಪ್ರೋಟೀನುಗಳನ್ನು ಒಂದೊಂದಾಗಿ ಒಡೆಯುವ ಬೇರೆಯದೇ ಯಂತ್ರಕ್ಕೆ ದಾರಿ ತೋರಿಸುತ್ತದೆ. 63ನೆಯ ಲೈಸಿನ್ ಮೂಲಕ ಬೆಳೆದದ್ದಕ್ಕೆ ಬೇರೆ ಅರ್ಥಗಳಿವೆ. ಅದೇ ಚೀಟಿಯನ್ನು ಬೇರೆ ಬೇರೆ ರಿಸೆಪ್ಟರ್‌ಗಳು ಬೇರೆ ಬೇರೆ ಸ್ಥಳದಲ್ಲಿ ಓದುತ್ತವೆ ಎಂಬುದು ಇನ್ನೊಂದು ಸಂಗತಿ. 2015ರಲ್ಲಿ ಅಮೆರಿಕದ ರಿಚರ್ಡ್ ಯೂಲ್ ಅವರ ತಂಡ ಮಾನವ ಕೋಶಗಳಿಂದ ಪಿ62, ಎನ್‌ಬಿಆರ್1, ಎನ್‌ಡಿಪಿ52, ಆಪ್ಟಿನ್ಯೂರಿನ್, ಟ್ಯಾಕ್ಸ್1ಬಿಪಿ1 ಎಂಬ ಐದೂ ರಿಸೆಪ್ಟರ್‌ಗಳನ್ನು ತೆಗೆದುಹಾಕಿ, ಮತ್ತೆ ಒಂದೊಂದಾಗಿ ಮರಳಿಸಿ ನೋಡಿತು. ಯುಬಿಕ್ವಿಟಿನ್ ಹೊತ್ತ ಹಾಳು ಮೈಟೊಕಾಂಡ್ರಿಯವನ್ನು ತೆಗೆಯಲು ಮುಖ್ಯವಾಗಿ ಬೇಕಾದದ್ದು ಎನ್‌ಡಿಪಿ52 ಮತ್ತು ಆಪ್ಟಿನ್ಯೂರಿನ್. ಎಲ್ಲಕ್ಕಿಂತ ಹೆಸರುವಾಸಿಯಾದ ಪಿ62 ಮರಳಿದರೂ ಆ ಕೆಲಸ ನಡೆಯಲಿಲ್ಲ.

ಪೊರೆಯ ಕಡೆಯ ಕೈ ಇನ್ನೂ ಕುತೂಹಲದ್ದು. ಬೆಳೆಯುತ್ತಿರುವ ಪೊರೆಯ ಕೊಬ್ಬಿನ ಅಣುಗಳಿಗೆ ಎಲ್‌ಸಿ3 ಎಂಬ ಪ್ರೋಟೀನು ರಾಸಾಯನಿಕವಾಗಿ ಕಟ್ಟಿಕೊಂಡಿರುತ್ತದೆ. ಯೀಸ್ಟಿನಲ್ಲಿ ಇಂಥದ್ದು ಎಟಿಜಿ8 ಎಂಬ ಒಂದೇ ಒಂದು. ಮನುಷ್ಯರಲ್ಲಿ ಎಲ್‌ಸಿ3 ಮತ್ತು ಗ್ಯಾಬರ್ಯಾಪ್ ಎಂಬ ಎರಡು ಕವಲಿನ ಆರು ಮಂದಿ ಬಂಧುಗಳಿದ್ದಾರೆ. ನಾರ್ವೆಯ ಟ್ರೊಮ್ಸೊ ಪಟ್ಟಣದಲ್ಲಿ ತೆರ್ಯೆ ಯೊಹಾನ್ಸೆನ್ ಅವರ ತಂಡ ಪಿ62 ಮತ್ತು ಎಲ್‌ಸಿ3ರ ನಂಟನ್ನು 2005ರಲ್ಲಿ ತೋರಿಸಿತು. 2007ರಲ್ಲಿ ಆ ನಂಟಿಗೆ ಪಿ62ರ ಒಂದು ಪುಟ್ಟ ತುಣುಕೇ ಸಾಕೆಂದು ಗುರುತಿಸಿತು. ಈಗ ಅದನ್ನು ಎಲ್‌ಐಆರ್ ಎನ್ನುತ್ತಾರೆ. ಅದರ ತಿರುಳು ನಾಲ್ಕೇ ಅಕ್ಷರ, ಅಂದರೆ ನಾಲ್ಕೇ ಅಮೈನೊ ಆಮ್ಲ: ಮೊದಲ ಸ್ಥಾನದಲ್ಲಿ ಟ್ರಿಪ್ಟೊಫ್ಯಾನ್, ಫಿನೈಲ್ಅಲನಿನ್ ಅಥವಾ ಟೈರೊಸಿನ್, ನಡುವೆ ಯಾವುದಾದರೂ ಎರಡು, ನಾಲ್ಕನೆಯದಾಗಿ ಲ್ಯೂಸಿನ್, ಐಸೊಲ್ಯೂಸಿನ್ ಅಥವಾ ವ್ಯಾಲಿನ್. ಮಾನವ ಪಿ62ರಲ್ಲಿ 338ನೆಯದು ಟ್ರಿಪ್ಟೊಫ್ಯಾನ್, 341ನೆಯದು ಲ್ಯೂಸಿನ್. ಟ್ರಿಪ್ಟೊಫ್ಯಾನಿಗೆ ಮೊದಲು ಮೂರು ಆಸ್ಪಾರ್ಟಿಕ್ ಆಮ್ಲಗಳು ಸಾಲಾಗಿ ನಿಂತಿವೆ.

ಎಲ್‌ಸಿ3ರ ಮುಖವನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಎಣ್ಣೆಯ ಸ್ವಭಾವದ ಎರಡು ಗುಳಿಗಳಿವೆ. ಮೊದಲನೆಯದು ಆಳ, ಟ್ರಿಪ್ಟೊಫ್ಯಾನಿನ ಅಗಲವಾದ ಜೋಡಿಯುಂಗುರ ಅದರೊಳಗೆ ಇಳಿದು ಕೂರುತ್ತದೆ. ಎರಡನೆಯದರಲ್ಲಿ ಲ್ಯೂಸಿನ್ ಕೂರುತ್ತದೆ. ಈ ಎರಡು ಗುಳಿಗಳ ನಡುವೆ ಎಲ್‌ಐಆರ್ ತುಣುಕು ನೀಟಾಗಿ ಚಾಚಿಕೊಂಡು, ಎಲ್‌ಸಿ3ರ ಒಳಗಿರುವ, ಪ್ರೋಟೀನಿನ ಎಳೆಗಳು ಅಕ್ಕಪಕ್ಕ ಸೇರಿ ಆದ ಬೀಟಾ ಹಾಳೆಗೆ ತಾನೂ ಒಂದು ಎಳೆಯಾಗಿ ಪಕ್ಕದಲ್ಲಿ ಸೇರಿಕೊಳ್ಳುತ್ತದೆ, ಚಾಪೆಯ ಅಂಚಿಗೆ ಇನ್ನೊಂದು ಕಡ್ಡಿ ಹೆಣೆದಂತೆ. ಹಿಂದಿನ ಆಸ್ಪಾರ್ಟಿಕ್ ಆಮ್ಲಗಳ ಋಣ ವಿದ್ಯುದಂಶಗಳಿಗೆ ಎದುರಾಗಿ ಎಲ್‌ಸಿ3ರ ಮೇಲೆ ಲೈಸಿನ್ ಮತ್ತು ಆರ್ಜಿನಿನ್‌ಗಳ ಧನ ವಿದ್ಯುದಂಶಗಳಿವೆ. ತನ್ನಷ್ಟಕ್ಕೆ ಇದ್ದಾಗ ಆ ತುಣುಕಿಗೆ ನಿಶ್ಚಿತ ಆಕಾರವೇ ಇರುವುದಿಲ್ಲ. ಸೆರಗಿನ ಅಂಚಿನ ಸಡಿಲ ನೂಲಿನಂತೆ ಅಲ್ಲಾಡುತ್ತಿರುತ್ತದೆ. ಎಲ್‌ಸಿ3 ಸಿಕ್ಕಾಗಲಷ್ಟೇ ಅದಕ್ಕೆ ಆಕಾರ ಬರುತ್ತದೆ.

ಇಷ್ಟು ಅಂದವಾದ ಹೊಂದಿಕೆ ಎಂದ ಮೇಲೆ ಹಿಡಿತ ಬಿಗಿಯಾಗಿರಬೇಕೆಂದು ಯಾರಿಗಾದರೂ ಅನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು. ಹಲವು ವರ್ಷಗಳ ಹಿಂದೆ ಪುಣೆಯ ಒಂದು ಪ್ರಯೋಗಾಲಯದಲ್ಲಿ ಕೆಲವು ತಿಂಗಳು ಕೆಲಸ ಮಾಡುವ ಅವಕಾಶ ಸಿಕ್ಕಿತ್ತು. ಎಲ್‌ಸಿ3 ಕಟ್ಟಿದ ಬಿಳಿಯ ಸಣ್ಣ ಮಣಿಗಳ ಮೇಲೆ ಪಿ62 ಹಾಕಿ, ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ನಿಂತು ಕೊಳವೆಗಳನ್ನು ತಿರುಗಿಸಿ, ತೊಳೆದು, ಅಂಟಿಕೊಂಡು ಉಳಿದದ್ದು ಎಷ್ಟೆಂದು ಜೆಲ್‌ನಲ್ಲಿ ನೋಡುವ ಸರಳ ಪ್ರಯೋಗ. ಒಂದು ಕೊಳವೆಯಲ್ಲಿ ಪೂರ್ತಿ ಪಿ62 ಇತ್ತು. ಇನ್ನೊಂದರಲ್ಲಿ ಎಲ್‌ಐಆರ್ ಇರುವ ತುಣುಕು ಮಾತ್ರ. ಅಂಟಲಾರದ ಕಲ್ಮಶವೆಲ್ಲ ಹೋಗಲೆಂದು ಉಪ್ಪು ಹೆಚ್ಚಿಸಿದ ದ್ರಾವಣದಲ್ಲಿ ನಾಲ್ಕು ಸಲ ತೊಳೆದೆ. ಜೆಲ್‌ಗೆ ನೀಲಿ ಬಣ್ಣ ಏರಿದಾಗ ಪೂರ್ತಿ ಪಿ62ರ ಪಟ್ಟೆ ದಪ್ಪಗೆ ಕಂಡಿತು. ತುಣುಕಿನ ಜಾಗ ಖಾಲಿ. ತುಣುಕು ಕೆಟ್ಟಿರಬೇಕೆಂದುಕೊಂಡು ಹೊಸದಾಗಿ ತಯಾರಿಸಿ ಮತ್ತೆ ಮಾಡಿದೆ, ಮತ್ತೆ ಖಾಲಿ. ಉಪ್ಪು ಇಳಿಸಿ ಒಂದೇ ಸಲ ಬೇಗ ತೊಳೆದಾಗ ಮಾತ್ರ ತೆಳುವಾದ ಒಂದು ಗೆರೆ ಮೂಡಿತು. ಎರಡರಲ್ಲೂ ಎಲ್‌ಸಿ3 ಹಿಡಿಯುವ ಅಕ್ಷರಗಳು ಒಂದೇ. ಒಂದು ಉಳಿದು ಇನ್ನೊಂದು ತೊಳೆದುಹೋದದ್ದಕ್ಕೆ ಕಾರಣ ಆ ಅಕ್ಷರಗಳ ಹೊರಗೆ ಇರಬೇಕಾಗಿತ್ತು.

ಬಿಡಿ ಎಲ್‌ಐಆರ್‌ಗಳ ಬಿಗುವು ಸಾಮಾನ್ಯವಾಗಿ ಮೈಕ್ರೊಮೋಲಾರ್ ಮಟ್ಟದ್ದು. ಅಂದರೆ ಹಿಡಿದದ್ದು ಬೇಗನೆ ಬಿಟ್ಟುಹೋಗುತ್ತದೆ. ಪಿ62ರ ಇನ್ನೊಂದು ಕೈ, ಯುಬಿಕ್ವಿಟಿನ್ ಹಿಡಿಯುವ ಯುಬಿಎ ಎಂಬ ಭಾಗ, ಒಂಟಿ ಯುಬಿಕ್ವಿಟಿನ್ನನ್ನು ಅದಕ್ಕಿಂತಲೂ ಸಡಿಲವಾಗಿ ಹಿಡಿಯುತ್ತದೆ. ಎರಡು ಯುಬಿಎಗಳು ಪರಸ್ಪರ ಅಪ್ಪಿಕೊಂಡು ಹಿಡಿಯುವ ಮುಖವನ್ನೇ ಮುಚ್ಚಿಕೊಳ್ಳುವುದೂ ಉಂಟು. ಪೂರ್ತಿ ಪಿ62ಗೆ ಶಕ್ತಿ ಬರುವುದು ಅದರ ಆರಂಭದಲ್ಲಿರುವ ಪಿಬಿ1 ಎಂಬ ಭಾಗದಿಂದ. ಅದರ ಒಂದು ಬದಿ ಧನ, ಇನ್ನೊಂದು ಬದಿ ಋಣ. ಹೀಗಾಗಿ ಒಂದರ ಬೆನ್ನಿಗೆ ಇನ್ನೊಂದು ಕೂಡಿಕೊಂಡು ಪಿ62 ಅಣುಗಳು ಸುರುಳಿಯಾದ ಉದ್ದನೆಯ ಎಳೆಯಾಗುತ್ತವೆ, ಎಳೆಯ ತುಂಬ ಸಾಲುಸಾಲಾಗಿ ಎಲ್‌ಐಆರ್‌ಗಳು, ಯುಬಿಎಗಳು. ವಿಯೆನ್ನಾದ ಸಾಶಾ ಮಾರ್ಟೆನ್ಸ್ ಅವರ ತಂಡ 2015ರಲ್ಲಿ ಶುದ್ಧ ಪ್ರೋಟೀನುಗಳನ್ನಷ್ಟೇ ಬಳಸಿ ಇದನ್ನು ತೋರಿಸಿತು: ಎಳೆಯಾಗಿ ಕೂಡಿಕೊಂಡ ಪಿ62, ಯುಬಿಕ್ವಿಟಿನ್ ಮತ್ತು ಎಲ್‌ಸಿ3 ದಟ್ಟವಾಗಿರುವ ಮೇಲ್ಮೈಗಳಿಗೆ ಅಂಟಿಕೊಂಡರೆ ಬಿಡುವುದೇ ಇಲ್ಲ.

ಗಣೇಶ ಚತುರ್ಥಿಗೆ ಮೊದಲು ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಗರಿಕೆಯ ಜೊತೆಗೆ ಆಘಾಡಾ ಎಂದು ಮಾರುವ ಸೊಪ್ಪನ್ನು ನೀವು ಕೊಂಡಿರಬಹುದು. ಅದು ನಮ್ಮ ಉತ್ತರಣೆ. ಮಳೆ ಮುಗಿದ ಮೇಲೆ ಬೊರಿವಲಿಯ ಕಾಡಿನ ದಾರಿಯಲ್ಲಿ ನಡೆದು ಬಂದರೆ ಅದರ ಬೀಜಗಳು ಪ್ಯಾಂಟಿನ ಅಂಚಿಗೆ, ಸೀರೆಯ ನೆರಿಗೆಗೆ ಸಾಲಾಗಿ ಕಚ್ಚಿಕೊಂಡಿರುತ್ತವೆ. ಒಂದು ಬೀಜವನ್ನು ಉಗುರಿನಲ್ಲಿ ತೆಗೆಯುವುದು ಸುಲಭ. ತೆನೆಯೇ ಕಚ್ಚಿದ್ದರೆ ಬಟ್ಟೆಯ ನೂಲು ಕಿತ್ತುಬರುತ್ತದೆ. ಎಳೆಯಾದ ಪಿ62ರ ಹಿಡಿತ ತೆನೆಯ ಹಿಡಿತ. ಒಂದು ಎಲ್‌ಐಆರ್ ಬಿಟ್ಟ ಕ್ಷಣದಲ್ಲಿ ಪಕ್ಕದ ಹತ್ತು ಹಿಡಿದಿರುತ್ತವೆ, ಬಿಟ್ಟದ್ದು ಮತ್ತೆ ಹಿಡಿಯುತ್ತದೆ. ನನ್ನ ಪ್ರಯೋಗದಲ್ಲಿ ತೊಳೆದುಹೋದದ್ದು ಬಿಡಿ ಬೀಜ.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಬಿಡಿ ಹಿಡಿತ ಸಡಿಲವಾಗಿರುವುದು ವ್ಯವಸ್ಥೆಯ ಕೊರತೆಯೆಂದು ತೋರಬಹುದು. ಆದರೆ ಕೋಶಕ್ಕೆ ಎಣಿಸಲು ಬರುವುದು ಆ ಸಡಿಲತೆಯಿಂದಲೇ. ಪಿ62ರ ಒಂದೊಂದು ಯುಬಿಎಯೂ ಯುಬಿಕ್ವಿಟಿನ್ನನ್ನು ಬಿಗಿಯಾಗಿ ಹಿಡಿಯುವಂತಿದ್ದರೆ, ಪ್ರೋಟಿಯಾಸೋಮಿನ ಕಡೆ ಹೊರಟ ಪ್ರತಿಯೊಂದು ಒಂಟಿ ಪ್ರೋಟೀನನ್ನೂ ಅದು ದಾರಿಯಲ್ಲೇ ಹಿಡಿದುಹಾಕುತ್ತಿತ್ತು. ಹಿಡಿತ ಸಡಿಲವಾಗಿರುವುದರಿಂದ ಒಂಟಿ ಚೀಟಿ ಹೊತ್ತದ್ದು ಜಾರಿಹೋಗುತ್ತದೆ. ನೂರಾರು ಚೀಟಿಗಳು ಒಂದೆಡೆ ದಟ್ಟವಾಗಿ ಕೂಡಿರುವ ಮುದ್ದೆ ಮಾತ್ರ ಸಿಕ್ಕಿಬೀಳುತ್ತದೆ. ಪ್ರೋಟಿಯಾಸೋಮಿನ ಕಿರಿದಾದ ಬಾಯಿಗೆ ಹೋಗಲಾರದ್ದೂ ಅದೇ ಮುದ್ದೆ. ಪೊರೆಯ ಕಡೆಯಲ್ಲೂ ಇದೇ ಲೆಕ್ಕ: ಎಲ್‌ಸಿ3 ದಟ್ಟವಾಗಿರುವ ಪೊರೆಗೆ ಮಾತ್ರ ಮುದ್ದೆ ಅಂಟುತ್ತದೆ, ಅಂಟುತ್ತಾ ಹೋದಂತೆ ಪೊರೆ ಮುದ್ದೆಯ ಮೈಗೆ ಹತ್ತಿಕೊಂಡು ಬಾಗುತ್ತದೆ, ನಡುವೆ ಬೇರೆಯದಕ್ಕೆ ಜಾಗ ಉಳಿಯುವುದಿಲ್ಲ.

ಈ ತಿಳಿವಳಿಕೆ ಇಲ್ಲದೆ ಪ್ರೋಟೀನುಗಳ ಅಕ್ಷರಮಾಲೆಯನ್ನಷ್ಟೇ ಓದಿ ರಿಸೆಪ್ಟರ್‌ಗಳನ್ನು ಹುಡುಕುವವರು ಎಡವುತ್ತಾರೆ. ಸರಳವಾದ ಒಂದು ಲೆಕ್ಕ ಮಾಡಿ ನೋಡಬಹುದು. ಸಾಮಾನ್ಯ ಪ್ರೋಟೀನುಗಳಲ್ಲಿ ಟ್ರಿಪ್ಟೊಫ್ಯಾನ್, ಫಿನೈಲ್ಅಲನಿನ್, ಟೈರೊಸಿನ್ ಮೂರೂ ಸೇರಿ ನೂರಕ್ಕೆ ಏಳೆಂಟು. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಸೇರಿ ನೂರಕ್ಕೆ 20ರ ಆಸುಪಾಸು. ಎರಡನ್ನೂ ಗುಣಿಸಿದರೆ ನೂರು ಸ್ಥಾನಗಳಿಗೆ ಒಂದೂವರೆ ಸಲ ಈ ನಾಲ್ಕಕ್ಷರದ ವಿನ್ಯಾಸ ಬರಿಯ ಆಕಸ್ಮಿಕವಾಗಿಯೇ ಬಂದುಬಿಡುತ್ತದೆ. ಪಿ62ರಷ್ಟು, ಅಂದರೆ 440 ಅಮೈನೊ ಆಮ್ಲಗಳಷ್ಟು, ಉದ್ದದ ಪ್ರೋಟೀನಿನಲ್ಲಿ ಸರಾಸರಿ ಆರೇಳು ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಮಡಚಿಕೊಂಡ ಪ್ರೋಟೀನಿನ ಹೊಟ್ಟೆಯೊಳಗೆ ಹುದುಗಿರುತ್ತವೆ. ಎಲ್‌ಸಿ3ಗೆ ಅವು ಕೈಗೆಟುಕುವುದೇ ಇಲ್ಲ. ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ, ಕೆಲವೊಮ್ಮೆ ಪ್ರಕಟವಾದ ಪ್ರಬಂಧಗಳಲ್ಲೂ, "ಈ ಪ್ರೋಟೀನಿನಲ್ಲಿ ಎಲ್‌ಐಆರ್ ಇದೆ, ಆದ್ದರಿಂದ ಇದು ಸ್ವಭಕ್ಷಣೆಯ ರಿಸೆಪ್ಟರ್" ಎಂಬ ವಾಕ್ಯ ಕಂಡಾಗ ನಾನು ಮೊದಲು ಕೇಳುವುದು ಆ ತುಣುಕು ಸಡಿಲ ನೂಲಾಗಿ ಹೊರಗಿದೆಯೇ ಎಂದು. ಆಮೇಲೆ, ಅದರ ಮೊದಲ ಮತ್ತು ನಾಲ್ಕನೆಯ ಅಕ್ಷರ ಬದಲಿಸಿದಾಗ ವಸ್ತು ಲೈಸೊಸೋಮಿಗೆ ಹೋಗುವುದು ನಿಂತಿತೇ ಎಂದು. ಆಲ್ಫಾಫೋಲ್ಡ್‌ನಂಥ ಪ್ರೋಟೀನಿನ ಆಕಾರ ಊಹಿಸುವ ಗಣಕ ವಿಧಾನಗಳು ಬಂದ ಮೇಲೆ ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿದೆ. ಎರಡು ಪ್ರೋಟೀನುಗಳು ಒಟ್ಟಿಗೆ ಹೇಗೆ ಕೂರುತ್ತವೆ ಎಂಬ ಊಹೆಯನ್ನೂ ಅವು ಕೊಡುತ್ತವೆ. ಎರಡನೆಯ ಪ್ರಶ್ನೆಗೆ ಈಗಲೂ ಕೋಶಗಳನ್ನು ಬೆಳೆಸಿಯೇ ಉತ್ತರ ಪಡೆಯಬೇಕು.

ವಿನ್ಯಾಸ ಸರಿಯಿದ್ದೂ ಹಿಡಿತ ಕೆಡುವುದಕ್ಕೆ ಒಂದು ನೋವಿನ ಉದಾಹರಣೆ ಇದೆ. ಚಲನೆಯ ನರಕೋಶಗಳು ಸಾಯುತ್ತಾ ಹೋಗಿ ಮೈಯ ಸ್ನಾಯುಗಳೆಲ್ಲ ಸೋಲುವ ಎಎಲ್ಎಸ್ ಕಾಯಿಲೆಯ ಕೆಲವು ರೋಗಿಗಳಲ್ಲಿ ಪಿ62ರ 341ನೆಯ ಲ್ಯೂಸಿನ್ ವ್ಯಾಲಿನ್ ಆಗಿರುವುದು ಕಂಡುಬಂದಿದೆ. ಕಾಗದದ ಮೇಲೆ ವ್ಯಾಲಿನ್‌ಗೂ ಆ ಸ್ಥಾನದಲ್ಲಿ ಅನುಮತಿ ಇದೆ. ಆದರೆ ಪಿ62ರಲ್ಲಿ ಆ ಬದಲಾವಣೆಯಾದಾಗ ಎಲ್‌ಸಿ3ರ ಹಿಡಿತ ಕುಗ್ಗುತ್ತದೆ ಎಂದು ಅಳತೆ ಮಾಡಿ ತೋರಿಸಿದ್ದಾರೆ. ಲ್ಯೂಸಿನ್‌ಗಿಂತ ವ್ಯಾಲಿನ್ ಒಂದು ಇಂಗಾಲದಷ್ಟು ಗಿಡ್ಡ. ಎರಡನೆಯ ಗುಳಿ ತುಂಬದೆ ಉಳಿಯಲು ಅಷ್ಟು ಸಾಕು.

ಗುರುತು ಹಿಡಿಯುವುದಕ್ಕೆ ಸ್ಥಳದ ಜೊತೆಗೆ ಸಮಯವೂ ಸೇರಿಕೊಳ್ಳುತ್ತದೆ. ಮೈಟೊಕಾಂಡ್ರಿಯ ಹಾಳಾದಾಗ ಅಥವಾ ಬ್ಯಾಕ್ಟೀರಿಯ ನುಗ್ಗಿದಾಗ ಮಾತ್ರ ಹಿಡಿತ ಬಿಗಿಯಾಗಬೇಕು. ಉಳಿದ ಹೊತ್ತಿನಲ್ಲಿ ರಿಸೆಪ್ಟರ್ ಸುಮ್ಮನಿರಬೇಕು. ಕೋಶ ಇದಕ್ಕೆ ಬಳಸುವ ಉಪಾಯ ಋಣ ವಿದ್ಯುದಂಶ ಹೊತ್ತ ಫಾಸ್ಫೇಟ್ ಎಂಬ ಪುಟ್ಟ ಗುಂಪು. ಆಪ್ಟಿನ್ಯೂರಿನ್ನಿನ ಎಲ್‌ಐಆರ್ 178ನೆಯ ಫಿನೈಲ್ಅಲನಿನ್‌ನಿಂದ ಶುರುವಾಗುತ್ತದೆ. ಅದರ ಹಿಂದೆಯೇ 177ನೆಯ ಸ್ಥಾನದಲ್ಲಿ ಸೆರಿನ್ ಇದೆ. ಪಿ62ರಲ್ಲಿ ಆಸ್ಪಾರ್ಟಿಕ್ ಆಮ್ಲಗಳು ಹುಟ್ಟಿನಿಂದಲೇ ಒದಗಿಸುವ ಋಣ ವಿದ್ಯುದಂಶವನ್ನು ಇಲ್ಲಿ ಟಿಬಿಕೆ1 ಎಂಬ ಕೈನೇಸ್ (ಫಾಸ್ಫೇಟ್ ಕೂರಿಸುವ ಕಿಣ್ವ) ಬೇಕಾದಾಗ ಮಾತ್ರ, ಆ ಸೆರಿನ್‌ಗೆ ಫಾಸ್ಫೇಟ್ ಅಂಟಿಸಿ, ಒದಗಿಸುತ್ತದೆ. ಆಗ ಎಲ್‌ಸಿ3ರ ಹಿಡಿತ ಹಲವು ಪಟ್ಟು ಬಿಗಿಯಾಗುತ್ತದೆ ಎಂದು ಫ್ರಾಂಕ್‌ಫರ್ಟಿನ ಇವಾನ್ ಡಿಕಿಚ್ ಅವರ ತಂಡ 2011ರಲ್ಲಿ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ ಸೋಂಕಿದ ಕೋಶಗಳಲ್ಲಿ ತೋರಿಸಿತು. ಅದೇ ಫಾಸ್ಫೇಟ್ ಬೇರೆ ಜಾಗದಲ್ಲಿ ಬಿದ್ದರೆ ಫಲ ತಿರುಗುಮುರುಗು. ಮೈಟೊಕಾಂಡ್ರಿಯದ ಹೊರಪೊರೆಯಲ್ಲಿರುವ ಫಂಡ್‌ಸಿ1 ಎಂಬ ರಿಸೆಪ್ಟರ್‌ನ ಎಲ್‌ಐಆರ್‌ನಲ್ಲಿ ಆಳದ ಗುಳಿಗೆ ಇಳಿಯಬೇಕಾದದ್ದು 18ನೆಯ ಟೈರೊಸಿನ್. ಸಾಮಾನ್ಯ ಸಮಯದಲ್ಲಿ ಸಾರ್ಕ್ ಕೈನೇಸ್ ಅದರ ಮೇಲೆಯೇ ಫಾಸ್ಫೇಟ್ ಕೂರಿಸಿರುತ್ತದೆ, ಎಣ್ಣೆಯ ಗುಳಿಗೆ ವಿದ್ಯುದಂಶ ಹೊತ್ತದ್ದು ಇಳಿಯಲಾರದು. ಆಮ್ಲಜನಕ ಕಡಿಮೆಯಾದಾಗ ಆ ಫಾಸ್ಫೇಟ್ ಕಳಚಿಕೊಂಡು ಹಿಡಿತಕ್ಕೆ ದಾರಿಯಾಗುತ್ತದೆ. ಪಿ62ರ ಯುಬಿಎಯಲ್ಲೂ 403ನೆಯ ಸೆರಿನ್ ಇಂಥದ್ದೇ ಒಂದು ಸ್ವಿಚ್. ಅದರ ಮೇಲೆ ಫಾಸ್ಫೇಟ್ ಬಂದರೆ ಯುಬಿಕ್ವಿಟಿನ್ ಸರಪಳಿಯ ಹಿಡಿತ ಹೆಚ್ಚುತ್ತದೆ.

ಬಹುಕಾಲ ಸಂಶೋಧಕರು ಪೊರೆ ಮೊದಲು ತಯಾರಾಗಿರುತ್ತದೆ, ರಿಸೆಪ್ಟರ್ ವಸ್ತುವನ್ನು ಅದರತ್ತ ಒಯ್ಯುತ್ತದೆ ಎಂದುಕೊಂಡಿದ್ದರು. 2019ರಲ್ಲಿ ಈ ಚಿತ್ರ ಬದಲಾಯಿತು. ಪೊರೆ ಹುಟ್ಟುವುದಕ್ಕೆ ಬೇಕಾದ ಯಂತ್ರದ ದೊಡ್ಡ ಭಾಗವಾದ ಎಫ್ಐಪಿ200ರ ತುದಿಯಲ್ಲಿ ಉಗುರಿನಂಥ ಒಂದು ರಚನೆಯಿದ್ದು, ಪಿ62 ಅದನ್ನೂ ಹಿಡಿಯುತ್ತದೆ ಎಂದು ಮಾರ್ಟೆನ್ಸ್ ಅವರ ತಂಡ ಕಂಡುಕೊಂಡಿತು. ಪಿ62ರಲ್ಲಿ ಎಫ್ಐಪಿ200 ಹಿಡಿಯುವ ಜಾಗ ಮತ್ತು ಎಲ್‌ಸಿ3 ಹಿಡಿಯುವ ಜಾಗ ಒಂದರ ಮೇಲೊಂದು ಬರುವುದರಿಂದ ಒಂದೇ ಅಣು ಏಕಕಾಲಕ್ಕೆ ಎರಡನ್ನೂ ಹಿಡಿಯಲಾರದು. ಮೊದಲು ಎಫ್ಐಪಿ200 ಬಂದು ಪೊರೆಯ ಹುಟ್ಟಿಗೆ ಕಾರಣವಾಗುತ್ತದೆ; ಪೊರೆಯಲ್ಲಿ ಎಲ್‌ಸಿ3 ದಟ್ಟವಾಗುತ್ತಾ ಬಂದಂತೆ ಅದರ ಜಾಗವನ್ನು ಎಲ್‌ಸಿ3 ತೆಗೆದುಕೊಳ್ಳುತ್ತದೆ. ಅದೇ ವರ್ಷ ಎನ್‌ಡಿಪಿ52 ಸಹ ಎಫ್ಐಪಿ200 ಜೊತೆ ನೇರ ನಂಟು ಇಟ್ಟುಕೊಂಡಿದೆ ಎಂದು ಬೇರೆ ತಂಡಗಳು ವರದಿ ಮಾಡಿದವು. ಅಂದರೆ ಹಾಳಾದ ವಸ್ತು ಇರುವಲ್ಲಿಯೇ ಪೊರೆ ಹುಟ್ಟುತ್ತದೆ, ಅದನ್ನು ಅಲ್ಲಿಗೆ ಕರೆಸುವುದು ರಿಸೆಪ್ಟರ್. ಹಿಡಿತಗಳು ಬಿಗಿಯಾಗಿದ್ದರೆ ಈ ಕೈಬದಲಾವಣೆ ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಮೊದಲು ಹಿಡಿದದ್ದು ಬಿಡುವಂತಿದ್ದರೆ ತಾನೇ ಎರಡನೆಯದಕ್ಕೆ ಅವಕಾಶ!

ಯುಬಿಕ್ವಿಟಿನ್ ಚೀಟಿಯನ್ನೇ ಕಾಯದ ರಿಸೆಪ್ಟರ್‌ಗಳೂ ಇವೆ. ಸಾಲ್ಮೊನೆಲ್ಲ ತಾನು ಅಡಗಿದ್ದ ಪೊರೆಚೀಲವನ್ನು ಹರಿದುಕೊಂಡಾಗ, ಚೀಲದ ಒಳಮೈಯಲ್ಲಿ ಮಾತ್ರ ಇರಬೇಕಾದ ಸಕ್ಕರೆ ಅಣುಗಳು ಕೋಶದ್ರವಕ್ಕೆ ಕಾಣಿಸಿಕೊಳ್ಳುತ್ತವೆ. ಗ್ಯಾಲೆಕ್ಟಿನ್-8 ಎಂಬ ಪ್ರೋಟೀನು ಅವುಗಳಿಗೆ ಅಂಟುತ್ತದೆ, ಗ್ಯಾಲೆಕ್ಟಿನ್-8ಅನ್ನು ಎನ್‌ಡಿಪಿ52 ಹಿಡಿಯುತ್ತದೆ. ನಿಕ್ಸ್ ಎಂಬ ಪ್ರೋಟೀನು ಮೈಟೊಕಾಂಡ್ರಿಯದ ಪೊರೆಯಲ್ಲಿಯೇ ನೆಟ್ಟಿರುತ್ತದೆ. ನಮ್ಮ ಕೆಂಪು ರಕ್ತಕಣಗಳು ಬಲಿಯುವಾಗ ಅವುಗಳ ಮೈಟೊಕಾಂಡ್ರಿಯಗಳೆಲ್ಲ ಹೋಗುವುದರಲ್ಲಿ ಅದರ ಕೈವಾಡವಿದೆ. ಕಬ್ಬಿಣದ ಉಗ್ರಾಣವಾದ ಫೆರಿಟಿನ್‌ಗೆ ಎನ್‌ಸಿಒಎ4 ಎಂಬ ಪ್ರತ್ಯೇಕ ರಿಸೆಪ್ಟರ್ ಇದೆ. ಕೋಶದಲ್ಲಿ ಕಬ್ಬಿಣ ಕಡಿಮೆಯಾದಾಗ ಉಗ್ರಾಣವನ್ನು ಒಡೆದು ಕಬ್ಬಿಣ ಬಿಡಿಸಿಕೊಡುವುದು ಅದರ ಕೆಲಸ. ಫೆರಿಟಿನ್ 24 ತುಂಡುಗಳ ಗೋಳವಾದ್ದರಿಂದ ಒಂದೇ ಬಗೆಯ ಹಿಡಿಕೆಗಳು ಅದರ ಮೈತುಂಬ ಇವೆ. ಅಲ್ಲಿಯೂ ಎಣಿಕೆಯದ್ದೇ ಮಾತು.

ಇಷ್ಟಾದ ಮೇಲೆ ಏಕಾದಶಿಯ ಸಂದೇಶಕ್ಕೆ ಮರಳಬಹುದು. ಉಪವಾಸ ವ್ರತವಾಗಿ ಮಾಡುವವರ ಶ್ರದ್ಧೆಯ ಬಗ್ಗೆ ನನ್ನದೇನೂ ಆಕ್ಷೇಪವಿಲ್ಲ. ನಮ್ಮ ಮನೆಯಲ್ಲೂ ಮಾಡುತ್ತಾರೆ. ಆಕ್ಷೇಪವಿರುವುದು "ಸ್ವಭಕ್ಷಣೆ ಹೆಚ್ಚಿದಷ್ಟೂ ಒಳ್ಳೆಯದು" ಎಂಬ ತೀರ್ಮಾನದ ಬಗ್ಗೆ. ಹಸಿವೆಯಿಂದ ಹೆಚ್ಚುವುದು ಪೊರೆಯ ತಯಾರಿ. ಆಪ್ಟಿನ್ಯೂರಿನ್ ಅಥವಾ ಟಿಬಿಕೆ1ರ ಜೀನ್‌ನಲ್ಲಿ ದೋಷವಿರುವ ಎಎಲ್ಎಸ್ ರೋಗಿಯಲ್ಲಿ, ಯುಬಿಕ್ವಿಟಿನ್ ಚೀಟಿ ಅಂಟಿಸುವ ಪಾರ್ಕಿನ್ ಅಥವಾ ಅದನ್ನು ಕೆಲಸಕ್ಕೆ ಎಬ್ಬಿಸುವ ಪಿಂಕ್1 ಕೆಟ್ಟಿರುವ ಪಾರ್ಕಿನ್ಸನ್ ರೋಗಿಯಲ್ಲಿ ಸೋತಿರುವುದು ಗುರುತು ಹಿಡಿಯುವ ಕೊಂಡಿ. ಪೊರೆ ಎಷ್ಟು ಹೆಚ್ಚಾದರೂ ಆ ಕೊಂಡಿ ತಾನಾಗಿ ಜೋಡಿಕೊಳ್ಳಲಾರದು. ಕ್ಯಾನ್ಸರ್ ವಿಷಯದಲ್ಲಂತೂ ಸಂದೇಶದ ಮಾತು ಅಪಾಯಕಾರಿ. ಬೆಳೆದು ನಿಂತ ಅನೇಕ ಗಡ್ಡೆಗಳ ಕೋಶಗಳು ರಕ್ತ ಸಾಲದ ಜಾಗದಲ್ಲಿ ಬದುಕುಳಿಯಲು ಸ್ವಭಕ್ಷಣೆಯನ್ನೇ ಆಶ್ರಯಿಸುತ್ತವೆ. ಆ ಕಾರಣಕ್ಕೆ ಅದನ್ನು ತಡೆಯುವ ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನು ಕ್ಯಾನ್ಸರ್ ಔಷಧಗಳ ಜೊತೆಗೆ ಕೊಟ್ಟು ನೋಡುವ ಪರೀಕ್ಷೆಗಳು ನಡೆದಿವೆ. ಯಕೃತ್ತಿನಲ್ಲಿ ಇದಕ್ಕೆ ವಿರುದ್ಧದ ತೊಂದರೆಯೂ ಇದೆ: ಸ್ವಭಕ್ಷಣೆ ನಿಂತು ಪಿ62 ಕೂಡುತ್ತಾ ಹೋದರೆ ಅದು ಕೀಪ್1 ಎಂಬ ಪ್ರೋಟೀನನ್ನು ಹಿಡಿದಿಟ್ಟುಕೊಂಡು, ಎನ್ಆರ್‌ಎಫ್2 ಎಂಬ ನಿಯಂತ್ರಕವನ್ನು ಕಡಿವಾಣವಿಲ್ಲದೆ ಬಿಡುತ್ತದೆ, ಅದು ಗಡ್ಡೆಗೆ ಅನುಕೂಲ. ಚಿಕಿತ್ಸೆಯಲ್ಲಿರುವವರು ಇಂಥ ಸಂದೇಶ ನಂಬಿ ತಾವಾಗಿ ಊಟ ಬಿಡುವುದು ಸಲ್ಲದು. ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ಗುರುತು ಹಿಡಿಯುವ ಕೊಂಡಿಯನ್ನೇ ಔಷಧದಿಂದ ಕಟ್ಟಿಕೊಡುವ ಪ್ರಯತ್ನಗಳು ಈಗ ನಡೆದಿವೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ವರದಿಯಾದ ಆಟ್ಯಾಕ್ ಎಂಬ ಅಣುಗಳು ಬೇಡದ ವಸ್ತುವಿನ ಮೇಲೆ ಯುಬಿಕ್ವಿಟಿನ್ ಚೀಟಿ ಬೀಳುವಂತೆ ಮಾಡುತ್ತವೆ. ಅಲ್ಲಿಂದ ಮುಂದಿನದನ್ನು ಕೋಶದ ಸ್ವಂತ ರಿಸೆಪ್ಟರ್‌ಗಳೇ ನೋಡಿಕೊಳ್ಳುತ್ತವೆ. ಅದೇ ವರ್ಷ ಶಾಂಘಾಯಿಯ ಫುದಾನ್ ವಿಶ್ವವಿದ್ಯಾಲಯದವರು ವರದಿ ಮಾಡಿದ ಆಟೆಕ್ ಅಣುಗಳು ಬೇರೆ ದಾರಿ ಹಿಡಿದವು: ಒಂದು ಬದಿಯಲ್ಲಿ ಎಲ್‌ಸಿ3, ಇನ್ನೊಂದು ಬದಿಯಲ್ಲಿ ಹಂಟಿಂಗ್ಟನ್ ಕಾಯಿಲೆಗೆ ಕಾರಣವಾದ ದೋಷಯುಕ್ತ ಹಂಟಿಂಗ್ಟಿನ್ ಪ್ರೋಟೀನು, ನಡುವೆ ಯಾವ ರಿಸೆಪ್ಟರೂ ಇಲ್ಲ. ಎರಡನೆಯ ದಾರಿಯಲ್ಲಿ ಒಂದು ಎಚ್ಚರಿಕೆ ಬೇಕಾಗುತ್ತದೆ. ಎಲ್‌ಸಿ3ರ ಆ ಎರಡು ಗುಳಿಗಳು ಪಿ62ಗೂ, ಆಪ್ಟಿನ್ಯೂರಿನ್‌ಗೂ, ನಿಕ್ಸ್‌ಗೂ ಸಮಾನವಾಗಿ ಬೇಕಾದ ಜಾಗ. ಅಲ್ಲಿ ಬಿಗಿಯಾಗಿ ಕೂತು ಬಿಡದಂಥ ಔಷಧ ಒಂದು ಕಸವನ್ನು ತೆಗೆಯುವ ಭರದಲ್ಲಿ ಉಳಿದೆಲ್ಲ ರಿಸೆಪ್ಟರ್‌ಗಳ ಬಾಗಿಲನ್ನು ಮುಚ್ಚಿಬಿಡಬಹುದು. ಆದ್ದರಿಂದ ಇಂಥ ಅಣುಗಳನ್ನು ರೂಪಿಸುವವರು, ಸಾಮಾನ್ಯ ಔಷಧಗಳಲ್ಲಿ ಮಾಡುವಂತೆ ಎಷ್ಟು ಬಿಗಿಯಾದರೆ ಅಷ್ಟು ಒಳ್ಳೆಯದು ಎಂದು ಹೊರಡುವಂತಿಲ್ಲ. ಎಲ್‌ಸಿ3ರ ಬೇರೆ ಬದಿಯನ್ನು ಹುಡುಕಬೇಕು, ಇಲ್ಲವೇ ಪಿ62 ಮಾಡುವಂತೆ ಸಡಿಲವಾಗಿ, ಹಲವು ಕಡೆ ಹಿಡಿಯುವ ಅಣುವನ್ನು ಕಟ್ಟಬೇಕು.